ಉಳಿದವಳ ಕೈ

ಅವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ. ಅದಕ್ಕೇ ಗಟ್ಟಿಯಾಗಿ ಓದಿಕೊಳ್ಳುತ್ತ ಬರೆಯುತ್ತಿದ್ದೇನೆ, ಕೇಳಿಸಿಕೋ.

ಅಪ್ಪ ತೀರಿಕೊಂಡ ಮೇಲೆ ನೀನು ಮೊದಲ ಸಲ ಕಮರಿಪೇಟೆಯ ಅಂಗಡಿಯ ಬಾಗಿಲು ತೆಗೆದ ಬೆಳಿಗ್ಗೆ ನನಗಿನ್ನೂ ನೆನಪಿದೆ. ಗಂಡ ಸತ್ತವಳು ಮೂಲೆ ಹಿಡಿಯಬೇಕೆಂದು ಓಣಿಯೆಲ್ಲ ಅನ್ನುತ್ತಿದ್ದರೆ, ನೀನು ಸೆರಗು ಸೊಂಟಕ್ಕೆ ಸಿಕ್ಕಿಸಿ ತಾಮ್ರದ ಕೊಡ ಬಡಿಯಲು ಕೂತೆ. ಅಪ್ಪನ ಪಕ್ಕದಲ್ಲಿ ಕೂತು ಕಲಿತ ಕೆಲಸ. ಕೊಡಗಳು ದುರ್ಗದಬೈಲಿನ ಪೇಟೆಯಲ್ಲಿ ಮಾರಾಟವಾದವು, ನಮ್ಮ ಒಲೆ ಉರಿಯಿತು. ಅಷ್ಟಕ್ಕೇ ನೀನು ನಿಲ್ಲಬಹುದಿತ್ತಲ್ಲ?

ನಿನ್ನ ತವರಿನ ಹೊಲದ ಬದುವಿನಲ್ಲಿದ್ದ ಮಾಸ್ತಿಗಲ್ಲನ್ನು ನನಗೆ ತೋರಿಸಿದ ಆ ಮಧ್ಯಾಹ್ನ... ಗಂಡನ ಚಿತೆ ಏರಿದ ಯಾವಳೋ ಹೆಣ್ಣುಮಗಳ ನೆನಪಿಗೆ ಎಂದೋ ನಿಲ್ಲಿಸಿದ ಕಲ್ಲು. ಮುಖವಿಲ್ಲ, ಮೈಯಿಲ್ಲ, ಕಂಬದಿಂದ ಹೊರಟ, ಬಳೆ ತೊಟ್ಟ ಒಂದು ಕೈ ಮಾತ್ರ. ನೀನು ಅದನ್ನು ಬಹಳ ಹೊತ್ತು ಸವರುತ್ತ ನಿಂತೆ.

"ಸತ್ತಾಕಿ ಕೈ ಕೆತ್ಯಾರ. ಉಳದಾಕಿ ಕೈ ಯಾರು ಕೆತ್ಯಾರ?" ಅಂದೆ.

ಮಳೆಗಾಲದಲ್ಲಿ ಕೆಲಸ ಕಡಿಮೆಯಾದಾಗ ನೀನು ಒಡಕು ತಾಮ್ರದ ಹಂಡೆಗಳ ತಗಡು ಕತ್ತರಿಸಿ ಬಡಿಯತೊಡಗಿದೆ. ಎದೆಯೆತ್ತರದ ಒಂದು ಕಂಬ. ಅದರಿಂದ ಅಗಲವಾದ ತಗಡೊಂದು ಬಾಗಿ, ಹೊರಳಿ, ಮೇಲಕ್ಕೆ ಹೋಯಿತು. ಬೆರಳಿಲ್ಲ, ಬಳೆಯಿಲ್ಲ. ಸುತ್ತಿಗೆಯ ಪೆಟ್ಟಿನ ಗುರುತುಗಳನ್ನು ಬೇಕೆಂದೇ ಹಾಗೇ ಬಿಟ್ಟೆ. ಆದರೂ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಅದು ಭಾರ ಎತ್ತುತ್ತಿರುವ ಕೈ. ಅಂಥದ್ದನ್ನು ನಮ್ಮ ಊರಲ್ಲಿ ಯಾರೂ ಮಾಡಿರಲಿಲ್ಲ. ಎಲ್ಲಿಂದ ಬಂತು ಅವ್ವಾ, ನಿನಗೆ ಆ ಧೈರ್ಯ?

ಯುದ್ಧ ಶುರುವಾಗಿ ತಾಮ್ರ ಸಿಗದಂತಾದಾಗ ಅಪ್ಪನ ತಮ್ಮ, ನಮ್ಮ ಕಾಕಾ, ಅಂಗಡಿಗೆ ಬಂದ.

"ವೈನಿ, ಇದಕ್ಕ ಮಾರಿ ಇಲ್ಲ, ಮೈ ಇಲ್ಲ. ದೇವರೋ, ದೆವ್ವೋ? ಕರಗಸ್ರಿ. ನಾಕೈದು ಕೊಡ ಆದ್ರೂ ಆಗ್ತಾವು."

"ನಾ ಮಣ್ಣಿನ ಗಡಿಗ್ಯಾಗ ನೀರು ತರ್ತೇನಿ, ತಮ್ಮಾ. ಇದನ್ನ ಮುಟ್ಟಬ್ಯಾಡ."

"ಹಂಗಿದ್ರ ನಮ್ಮ ಮನಿ ಕಡೆ ಬರಬ್ಯಾಡ್ರಿ."

ಅವನು ಹಾಗೇ ನಡೆದುಕೊಂಡ. ತನ್ನ ಮಗಳು ನೀಲವ್ವನ ಮದುವೆಗೂ ಕರೆಯಲಿಲ್ಲ. ನೀನೇ ಎತ್ತಿ ಆಡಿಸಿದ ಕೂಸು ಅದು. ನೀನು ಅಂದು ಊಟ ಬಿಟ್ಟೆ, ಆದರೆ ಕರಗಿಸುವ ಮಾತು ಆಡಲಿಲ್ಲ. ಅವತ್ತು ನಿನ್ನನ್ನು ನೋಡಿ ನನಗೆ...

ನೀನು ತೀರಿಹೋದ ಮರುವರ್ಷ ನೀಲವ್ವ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು, ಅವ್ವಾ. ಮೊನ್ನೆ ಸೋಮವಾರ ಕಾಕಾ ಅವಳನ್ನು ಕರೆದುಕೊಂಡು, ಈಗ ನಾನು ನಡೆಸುವ ಅಂಗಡಿಗೆ ಬಂದ. ನೀನು ಮಾಡಿದ ತಾಮ್ರದ ಕೈಯ ಮುಂದೆ ನಿಂತುಕೊಂಡ.

"ದಿನಾ ಗ್ವಾಡಿ ನೋಡ್ಕೋತ ಕೂಡ್ತಾಳವ್ವಾ. ನಿಮ್ಮವ್ವ ನಿಂತಂಗ ಇಕೀನ್ನೂ ನಿಂದ್ರಸು" ಅಂದ. ಅವನಿಗೆ ಬೈಯಬೇಕೆಂದು ಮಾತು ಕೂಡಿಟ್ಟುಕೊಂಡಿದ್ದ ನಾನು ನೀಲವ್ವನಿಗೆ ನಿನ್ನ ಮಣೆ ಹಾಕಿದೆ.

ನೀಲವ್ವ ಈಗ ನಿನ್ನ ಜಾಗದಲ್ಲಿ ಕೂಡುತ್ತಾಳೆ. ನಿನ್ನೆ ಸಂಜೆ ಕೆಲಸ ಮುಗಿಸುವಾಗ ಒಂದು ತುಂಡು ತಗಡು ಎತ್ತಿಕೊಂಡು, "ಅಕ್ಕಾ, ಇದು ಕೊಡಾ ಬಡ್ಯಾಕಲ್ಲ, ನನಗ ಬೇಕು" ಅಂದಳು.

ಯಾಕೆಂದು ನಾನು ಕೇಳಲಿಲ್ಲ. ಅವಳು ಮಾಡುವುದು ಮುಗಿಯುವ ತನಕ ಕೇಳುವುದೂ ಇಲ್ಲ.

ನಿನ್ನ ಮಗಳು