ಸೊಸೆಯ ನಕ್ಷೆಯಲ್ಲಿ ನನ್ನದೊಂದು ನಿಯಮ

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೧೨, ಭಾನುವಾರ

ನನ್ನ ಮುದ್ದು ಕಂದಾ,

ಹೇಗಿದ್ದೀಯಪ್ಪ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಬೆನ್ನ ತುಂಬ ಬೆವರುಸಾಲೆ ಎಂದು ಬರೆದಿದ್ದೆಯಲ್ಲ, ಈಗ ಕಡಿಮೆಯಾಯಿತೇ? ಕೆರೆದುಕೊಳ್ಳಬೇಡ, ಸಣ್ಣವನಿದ್ದಾಗಿನ ಹಾಗೆ ಗಾಯ ಮಾಡಿಕೊಳ್ಳುತ್ತೀಯ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಹೆಂಡತಿ ಚೆನ್ನಾಗಿದ್ದಾಳೆ. ಈಗ ಸ್ನಾನಕ್ಕೆ ಹೋಗಿದ್ದಾಳೆ, ಅವಳು ಬರುವುದರೊಳಗೆ ಬರೆದು ಮುಗಿಸಬೇಕು. ಇಲ್ಲದಿದ್ದರೆ ಹೆಗಲ ಮೇಲಿಂದ ಬಗ್ಗಿ ಓದಿ, ಹೀಗಲ್ಲ ಹಾಗೆ ಎಂದು ತಿದ್ದುತ್ತಾಳೆ.

ಅವಳ ವಿನ್ಯಾಸದ ಪರೀಕ್ಷೆ ಮುಗಿಯಿತು. ನಮ್ಮ ಊರಿನ ಆಂಬುಲೆನ್ಸ್ ಫೋನ್ ಕೋಣೆಯಲ್ಲಿ ಈಗಿರುವ ಸಾಫ್ಟ್‌ವೇರ್ ನಾನು ಕೆಲಸದಲ್ಲಿದ್ದಾಗ ರೂಪಿಸಿದ್ದು. ನಿನ್ನನ್ನು ಮಡಿಲಲ್ಲಿ ಮಲಗಿಸಿಕೊಂಡೇ ಅದರ ನಕ್ಷೆ ಬರೆದವಳು ನಾನು. ಅದಕ್ಕೀಗ ವಯಸ್ಸಾಯಿತು. ಹೊಸದರ ನಕ್ಷೆ ಬರೆಯುವ ಕೆಲಸ ಸಿಕ್ಕಿದ್ದು ನಿನ್ನ ಹೆಂಡತಿಗೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಸುಮ್ಮನೆ ಹೇಳಿಲ್ಲ. ನಕ್ಷೆ ಒಪ್ಪಿಗೆಯಾದರೆ ಅವಳ ತಂಡವೇ ಅದನ್ನು ಕಟ್ಟುತ್ತದೆ. ಇಲ್ಲವಾದರೆ ಹೊರಗಿನಿಂದ ಸಿದ್ಧ ಸಾಫ್ಟ್‌ವೇರ್ ಕೊಂಡುಕೊಂಡು, ತಂಡವನ್ನು ಚದುರಿಸಿಬಿಡುತ್ತಾರೆ ಎಂದಾಗಿತ್ತು. ಎರಡು ವರ್ಷದ ಅವಳ ಶ್ರಮ ನೀರುಪಾಲಾಗುತ್ತಿತ್ತು. ಹಿಂದಿನ ವಾರವೆಲ್ಲ ತಟ್ಟೆಯ ಮುಂದೆ ಕೂತರೂ ತುತ್ತು ಇಳಿಯುತ್ತಿರಲಿಲ್ಲ ಪಾಪ. ನನಗೋ ಏನೂ ಕೇಳುವ ಹಾಗಿಲ್ಲ. ಅತ್ತೆ ಹೇಳಿಕೊಟ್ಟದ್ದು ಎಂದು ಯಾರೂ ಆಡಿಕೊಳ್ಳಬಾರದೆಂದು, ಮನೆಯಲ್ಲಿ ಆ ಮಾತೇ ಎತ್ತಕೂಡದು ಎಂದು ಅವಳೇ ಷರತ್ತು ಹಾಕಿದ್ದಳು. ನಾನೂ ಬಿಗುಮಾನದಿಂದ ಆಗಲಿ ಎಂದಿದ್ದೆ. ಒಂದೇ ಸೂರಿನಡಿ ಇಬ್ಬರು ಬಿಗುಮಾನದ ಹೆಂಗಸರಿದ್ದರೆ ಹೀಗೇ.

ಒಂದು ಸಾಲು ಪ್ರೋಗ್ರಾಂ ಬರೆಯುವ ಮೊದಲೇ ನಕ್ಷೆಯನ್ನು ಪರೀಕ್ಷಿಸುವುದು ಒಳ್ಳೆಯ ಪದ್ಧತಿ. ಗೋಡೆ ಕಾಗದದ ಮೇಲಿರುವಾಗ ರಬ್ಬರು ಸಾಕು, ಎದ್ದ ಮೇಲೆ ಹಾರೆಯೇ ಬೇಕು. ಪರೀಕ್ಷೆ ನಡೆಸಲು ಬಂದಾಕೆಯನ್ನು ಎಲ್ಲರೂ ಬೆನ್ನ ಹಿಂದೆ ‘ಹಾಗಾದ್ರೆ ಮೇಡಂ’ ಎನ್ನುತ್ತಾರೆ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಮಾತು ಅವರ ಮುಂದೆ ನಡೆಯುವುದಿಲ್ಲ. “ಹಾಗಾದ್ರೆ ಅದು ಏನ್ ಮಾಡುತ್ತೆ?” ಎಂದಷ್ಟೇ ಕೇಳಬೇಕು. ನಕ್ಷೆ ಬರೆದವರು “ಗೊತ್ತಿಲ್ಲ” ಎನ್ನಬಹುದು, “ಹಾಗೆಲ್ಲ ಆಗೋದೇ ಇಲ್ಲ” ಎನ್ನುವಂತಿಲ್ಲ. ಫೋನ್ ಎತ್ತುವವರು, ಚಾಲಕರು, ಕಂಪ್ಯೂಟರ್ ದುರಸ್ತಿಯವರು, ಖರ್ಚು ನೋಡುವವರು ಎಲ್ಲರೂ ಬಂದಿದ್ದರು. ಅವರವರ ಭಯವನ್ನು ಅವರವರು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದರು. ಯಾವುದು ಎಲ್ಲಕ್ಕಿಂತ ಮುಖ್ಯ ಎಂದು ವೋಟು ಹಾಕಿದರು. ಆಮೇಲೆ ಒಂದೊಂದನ್ನೇ ಹಿಡಿದು ನಕ್ಷೆಯ ಮೇಲೆ ನಡೆಸಿಕೊಂಡು ಹೋದರು. ಹಳೆಯದರ ಒಡತಿಯೆಂದು ನನ್ನನ್ನೂ ಕರೆಸಿದ್ದರು, ಆದರೆ ಕೇಳಿದರೆ ಮಾತ್ರ ಹೇಳಬೇಕು. ನಿನ್ನ ಅಮ್ಮ ತುಟಿ ಪಿಟಕ್ಕೆನ್ನದೆ ಅಷ್ಟು ಹೊತ್ತು ಕೂತಿದ್ದನ್ನು ನೀನು ನೋಡಬೇಕಿತ್ತು.

ಹುಡುಗಿ ಎಷ್ಟು ಚೆನ್ನಾಗಿ ಉತ್ತರ ಕೊಟ್ಟಳು ಗೊತ್ತೇ! ನಾನು ಇಡೀ ಊರಿಗೆ ಒಂದೇ ದೊಡ್ಡ ಕಂಪ್ಯೂಟರ್ ಇಟ್ಟಿದ್ದೆ. ಅವಳು ಊರನ್ನು ಬಡಾವಣೆಗಳಾಗಿ ಹಂಚಿ, ಒಂದೊಂದಕ್ಕೂ ಬೇರೆ ಕಂಪ್ಯೂಟರ್ ಕೊಟ್ಟಿದ್ದಾಳೆ. ಒಂದು ಕೆಟ್ಟರೂ ಉಳಿದವು ನಡೆಯುತ್ತವೆ. ಹೊಟ್ಟೆಕಿಚ್ಚಾಯಿತು ಎಂದೇ ಬರೆಯುತ್ತೇನೆ, ನೀನು ನಗು. ಮಧ್ಯಾಹ್ನದವರೆಗೂ ಎಲ್ಲ ಸರಾಗವಾಗಿತ್ತು. ಆಮೇಲೆ ಅತಿ ಹೆಚ್ಚು ವೋಟು ಬಿದ್ದ ಚೀಟಿ ಬಂತು. ಬಡಾವಣೆಗಳ ನಡುವಿನ ಸಂಪರ್ಕ ಕಡಿದುಹೋಗಿದೆ, ಒಬ್ಬರಿಗೆ ಉಸಿರು ಕಟ್ಟಿದೆ ಎಂದು ಫೋನ್ ಬಂತು, ಆಂಬುಲೆನ್ಸ್ ಪಕ್ಕದ ರಸ್ತೆಯಲ್ಲೇ ನಿಂತಿದೆ. ಹಾಗಾದ್ರೆ? ಅವಳು ನಕ್ಷೆಯ ಮೇಲೆ ಬೆರಳಿಟ್ಟು ಹೊರಟಳು. ಅದೇ ಮನೆಗೆ ಬೇರೆ ಬಡಾವಣೆಯಿಂದ ಗಾಡಿ ಹೊರಟಿಲ್ಲ ಎಂಬ ಖಾತ್ರಿ ಬರುವವರೆಗೆ ಗಾಡಿ ಬಿಡಬಾರದು, ಅದು ನಿಯಮ. ಸಂಪರ್ಕವಿಲ್ಲ, ಖಾತ್ರಿ ಬರುವುದಿಲ್ಲ. ಬೆರಳು ಅಲ್ಲೇ ನಿಂತಿತು. “ಎಷ್ಟು ಹೊತ್ತು ಕಾಯುತ್ತೆ?” ಎಂದರು ಮೇಡಂ. “ಬರೋವರೆಗೂ” ಎಂದಳು. ಖರ್ಚಿನವರು ಆಗಲೇ ಮುಖ ಮುಖ ನೋಡಿಕೊಂಡರು.

“ಈ ನಿಯಮ ಯಾಕಿಟ್ರಿ?” ಎಂದು ಮೇಡಂ ಕೇಳಿದರು. ಅವಳು ನನ್ನ ಕಡೆ ನೋಡದೆ ಹೇಳಿದಳು, “ಹಳೇದರಲ್ಲಿತ್ತು. ಅದನ್ನ ಮಾಡಿದೋರು ಕಾರಣ ಇಲ್ದೆ ಏನನ್ನೂ ಇಡೋರಲ್ಲ.” ಕೇಳು ಕಂದಾ. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿಡಬೇಕೆಂಬ ನನ್ನ ಮಾತನ್ನೂ ಕೇಳದವಳು, ನನ್ನ ನಕ್ಷೆಯನ್ನೆಲ್ಲ ಅಳಿಸಿದವಳು, ಕಾರಣ ಗೊತ್ತಿಲ್ಲದ ಆ ಒಂದು ನಿಯಮವನ್ನು ಬರೀ ಗೌರವಕ್ಕೆ ಉಳಿಸಿಕೊಂಡಿದ್ದಳು. ಅದೇ ಅವಳನ್ನು ಮುಳುಗಿಸುತ್ತಿತ್ತು. ನಾನು ಎದ್ದೆ. ಯಾರೂ ಕೇಳಿರಲಿಲ್ಲ, ಆದರೂ ಎದ್ದೆ. “ಆಗ ಇಡೀ ಊರಿಗೆ ಇದ್ದದ್ದು ಎರಡೇ ಗಾಡಿ. ಎರಡೂ ಒಂದೇ ಮನೆಗೆ ಹೋದ್ರೆ ಮಿಕ್ಕೋರ ಗತಿ ಏನು? ಅದಕ್ಕೆ ಆ ನಿಯಮ. ಈಗ ಬಡಾವಣೆಗೆ ಆರು ಗಾಡಿ ಇವೆ. ಕಾರಣ ಹೋಯ್ತು, ನಿಯಮಾನೂ ಹೋಗ್ಲಿ” ಎಂದೆ. ನಿಯಮ ತಪ್ಪಾಗಿತ್ತು ಅಂತಲ್ಲ ಎಂದೂ ಸೇರಿಸಿದೆ. ಎಲ್ಲರೂ ನಕ್ಕರು. ನಗಲಿ, ತಪ್ಪಾಗಿರಲಿಲ್ಲ.

ನಿಯಮ ತೆಗೆದರೆ ಒಮ್ಮೊಮ್ಮೆ ಒಂದೇ ಮನೆಗೆ ಎರಡು ಗಾಡಿ ಹೋಗಿ ಇಂಧನ ದಂಡವಾಗುತ್ತದೆ ಎಂದು ಖರ್ಚಿನವರು ತಕರಾರು ತೆಗೆದರು. ಒಂದನ್ನು ಬಿಗಿ ಮಾಡಿದರೆ ಇನ್ನೊಂದು ಸಡಿಲವಾಗುತ್ತದೆ, ಯಾವುದು ಸಡಿಲವಾದರೆ ತಡೆದುಕೊಳ್ಳಬಲ್ಲೆವು ಎಂದು ಆರಿಸಿಕೊಳ್ಳುವುದೇ ನಮ್ಮ ಕೆಲಸ. ಚಾಲಕರೊಬ್ಬರು “ಇಬ್ರು ಹೋದ್ರೆ ಒಬ್ರು ವಾಪಸ್ ಬರ್ತೀವಿ, ಅಷ್ಟೇ ತಾನೆ” ಎಂದರು. ನಿನ್ನ ಹೆಂಡತಿ ಅಲ್ಲೇ ತಿದ್ದಿದಳು. ಸಂಪರ್ಕವಿದ್ದರೆ ಕೇಳಿ ಹೊರಡಿ, ಇಲ್ಲದಿದ್ದರೆ ಹತ್ತಿರದ ಗಾಡಿ ಹೊರಟುಬಿಡಲಿ. ಮೇಡಂ ಮತ್ತೆ ಮೊದಲಿನಿಂದ ಬೆರಳಿಟ್ಟು ನಡೆಸಿದರು. ಗಾಡಿ ಹೊರಟಿತು. ಒಪ್ಪಿಗೆಯೂ ಸಿಕ್ಕಿತು, ಒಂದೇ ಷರತ್ತಿನ ಮೇಲೆ: ನಕ್ಷೆಯ ಪ್ರತಿ ನಿರ್ಧಾರದ ಪಕ್ಕ ಅದರ ಕಾರಣ ಬರೆದಿರಬೇಕು, ಯಾವಾಗ ತೆಗೆದುಹಾಕಬಹುದು ಎಂಬುದೂ ಇರಬೇಕು.

ಮನೆಗೆ ಬರುವಾಗ ಬಸ್ಸಿನಲ್ಲಿ ನಕ್ಷೆಯ ಅಂಚಿನಲ್ಲಿ ಏನೋ ಗೀಚುತ್ತಿದ್ದಳು. ಆಮೇಲೆ “ಅತ್ತೆ, ಇನ್ನೂ ಏನೇನ್ ಕಾರಣ ತಲೇಲಿ ಇಟ್ಕೊಂಡಿದೀರಾ?” ಎಂದು ಕೇಳಿದಳು. ಈಗ ದಿನಾ ಊಟವಾದ ಮೇಲೆ ಇದೇ ಮೇಜಿನ ಮುಂದೆ ಕೂರುತ್ತೇವೆ. ಅವಳು ಕೇಳುತ್ತಾಳೆ, ನಾನು ಹೇಳುತ್ತೇನೆ, ಜಗಳವೂ ಆಗುತ್ತದೆ. ಎಷ್ಟೋ ವರ್ಷದಿಂದ ನನಗೆ ಇಷ್ಟು ಸಂತೋಷವಾಗಿರಲಿಲ್ಲ.

ನಿನ್ನ ಹಡಗು ಸುಖವಾಗಿ ದಡ ಮುಟ್ಟಲಿ, ಜೊತೆಯ ಕೆಲಸಗಾರರೆಲ್ಲ ಕ್ಷೇಮವಾಗಿರಲಿ. ನೂರು ಕಾಲ ಬಾಳು ಮಗನೇ.

ನಿನ್ನ
ಅಮ್ಮ

ಮರೆತಿದ್ದೆ, ಸ್ನಾನದ ಮನೆಯ ಬಾಗಿಲ ಸದ್ದಾಯಿತು, ಬೇಗ ಬರೆಯುತ್ತೇನೆ. ನನ್ನ ಹೃದಯ ಸ್ವಲ್ಪ ಸೋತಿದೆ ಎಂದು ಡಾಕ್ಟರು ಹೇಳಿದ್ದಾರೆ. ಗಾಬರಿಯಾಗಬೇಡ, ಸದ್ಯಕ್ಕೆ ಮಾತ್ರೆ ಸಾಕಂತೆ, ಆದರೆ ಯಾವತ್ತಾದರೂ ಆಂಬುಲೆನ್ಸ್ ಕರೆಯಬೇಕಾಗಬಹುದಂತೆ. ಹೊಸ ಸಾಫ್ಟ್‌ವೇರ್ ಕಟ್ಟಿ ಮುಗಿಸಿದ ಮೇಲೆ ಮೊದಲು ಯಾವ ಬಡಾವಣೆಗೆ ಹಾಕೋಣ ಎಂದು ಪರೀಕ್ಷೆಯ ಕೊನೆಗೆ ಮೇಡಂ ಕೇಳಿದಾಗ, ಹೊಸದೆಂಬ ಅಂಜಿಕೆಗೆ ಎಲ್ಲರೂ ಪಕ್ಕದವರ ಬಡಾವಣೆ ತೋರಿಸಿದರು. ನಮ್ಮದಕ್ಕೇ ಹಾಕಿ ಎಂದು ಕೈಯೆತ್ತಿದವಳು ನಾನು. ನಿನ್ನ ಹೆಂಡತಿಗೆ ಡಾಕ್ಟರ ಮಾತು ಗೊತ್ತಿತ್ತು. ಎಲ್ಲರೆದುರೇ ಅತ್ತುಬಿಟ್ಟಳು.