ಮೊದಲ ಮಾತು ಮರೆತ ಯಂತ್ರ

ಹುಣಸಗಿ
ಶ್ರಾವಣದ ಎರಡನೆಯ ರವಿವಾರ, ೨೦೧೪

ನೆರೆದ ಮಹನೀಯರೇ, ಮುಂದೆ ಚಾಪೆ ಹಾಸಿ ಕುಳಿತವರೇ, ಹಿಂದೆ ಬಂಡಿಯ ಮೇಲೆ ನಿಂತವರೇ, ಮಂಗಳ ಹಾಡುವ ಮುನ್ನ ಎದ್ದು ಹೋಗುವವರೇ, ಎಲ್ಲರೂ ಕೇಳಿರಿ. ಕೇಳಲು ಅಡ್ಡಿಯಿಲ್ಲ. ಆದರೆ ಉತ್ತರ ಕೊಡಬೇಕಾದವನು ಒಬ್ಬನೇ: ಶಹಾಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ, ಒಂದು ಕಾಲಕ್ಕೆ ನಮ್ಮ ನಾಟಕ ಸಂಘದಲ್ಲಿ ಪರದೆಯ ಹಿಂದೆ ನಿಂತು ಮರೆತ ನಟರಿಗೆ ಮಾತು ಎತ್ತಿಕೊಡುತ್ತಿದ್ದ ವಹಾಬ.

ದೋಸ್ತ ವಹಾಬ, ಸಲಾಮು.

ನೀನು ಫೋನು ಕಟ್ ಮಾಡಿದೆ. ಆಮೇಲೆ ನಾನು ಆರು ಸಲ ಹಚ್ಚಿದೆ, ನೀನು ಎತ್ತಲಿಲ್ಲ. ಅದಕ್ಕೇ ಈ ಪತ್ರ. ಸಂಜೆಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದೇನೆ. ಕಾಗದವನ್ನು ಕಟ್ ಮಾಡಲು ಗುಂಡಿ ಇರುವುದಿಲ್ಲ.

ಮೊದಲು ನನ್ನ ತಪ್ಪನ್ನು ನಾನೇ ಸಾರುತ್ತೇನೆ. ಬೇರೆಯವರು ಸಾರಿದರೆ ದನಿ ಸಾಲುವುದಿಲ್ಲ. ಶುಕ್ರವಾರ ಸಂಜೆ ನಮ್ಮ ನೀರು ಬಳಕೆದಾರರ ಸಂಘದ ಕಚೇರಿಗೆ ಬೀಗ ಹಾಕುವಾಗ ಕಂಪ್ಯೂಟರಿನ ಮೇಲೆ ಬರೆದು ಬಂದಿತ್ತು: ಅಪ್‌ಡೇಟ್ ನಡೆದಿದೆ, ಬಂದ್ ಮಾಡಬೇಡಿ. ನಾನು ಬಂದ್ ಮಾಡಲಿಲ್ಲ. ಕರೆಂಟು ಹೋದಾಗ ಯಂತ್ರವನ್ನು ಕಾಯಲೆಂದು ಮೇಜಿನ ಕೆಳಗಿದ್ದ ಬ್ಯಾಟರಿಯನ್ನಷ್ಟೇ ಬಿಚ್ಚಿ ಹೆಗಲಿಗೇರಿಸಿಕೊಂಡು ಹೋದೆ. ಗುಡಿಯ ಮುಂದೆ ನಾಟಕದ ತಾಲೀಮು, ಮೈಕಿಗೆ ಬ್ಯಾಟರಿ ಬೇಕು, ರಾಜನ ಪಾರ್ಟು ನನ್ನದು. ಮೈಕಿಲ್ಲದ ರಾಜನಿಗೆ ಯಾವ ರಾಜ್ಯ? ನಾನು ತೊಡೆ ತಟ್ಟುವ ಹೊತ್ತಿಗೆ ಊರಿನ ಕರೆಂಟು ಹೋಯಿತು. ಇತ್ತ ನನ್ನ ಮೈಕು ಗುಡುಗಿತು, ಅತ್ತ ಕಚೇರಿಯಲ್ಲಿ ಆ ಬಡಪಾಯಿ ಯಂತ್ರ ಅರ್ಧ ಕೆಲಸದಲ್ಲಿ ಕಣ್ಣು ಮುಚ್ಚಿತು.

ನಿನ್ನೆಯಿಂದ ಏಳುತ್ತಿಲ್ಲ. ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ಚುಕ್ಕೆಗಳು ಸುತ್ತು ಹೊಡೆಯುತ್ತವೆ, ಕಪ್ಪು ಪರದೆ ಬೀಳುತ್ತದೆ, ಮತ್ತೆ ಮೊದಲಿನಿಂದ ಅದೇ ಆಟ. ಪ್ರಿಂಟರಿನ ವೈರು ಕಿತ್ತು ನೋಡಿದೆ, ಪೆನ್‌ಡ್ರೈವ್ ತೆಗೆದೆ. ನೀನು ಹಿಂದೆ ಕಲಿಸಿದಂತೆ ಪ್ಲಗ್ಗು ಕಿತ್ತು ಮೂವತ್ತು ಎಣಿಸುವವರೆಗೆ ಗುಂಡಿ ಒತ್ತಿ ಹಿಡಿದೆ. ಸೇಫ್ ಮೋಡಿನಲ್ಲಾದರೂ ಎದ್ದೀತೆಂದು ಎಫ್ ಎಂಟರ ಗುಂಡಿ ಕುಟ್ಟಿ ಕುಟ್ಟಿ ಬೆರಳು ಬಾತುಕೊಂಡಿತು. ಕೊನೆಗೆ ನಿನಗೆ ಫೋನು ಹಚ್ಚಿದೆ. ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ.

“ಫಾರ್ಮ್ಯಾಟ್ ಹೊಡೀ ಅಂಬ್ರ್ಯಾ. ಹಳೇದೆಲ್ಲಾ ಅಳಿಸಿ ಹೊಸಾ ಸಿಸ್ಟಂ ಹಾಕಿದ್ರ ತಾಸಿನ್ಯಾಗ ಎದ್ದು ಕುಂದರ್ತದ.”

ಒಳಗಿನ ಪಟ್ಟಿಯ ಗತಿ ಏನೆಂದು ಕೇಳಿದೆ. “ಹೋತು ಅಂತ ತಿಳಕೋ. ನಾಟಕ ಮಾಡಬ್ಯಾಡ, ನನಗ ಗಿರಾಕಿ ಅದಾರ,” ಎಂದೆ ನೀನು.

ಆ ಪಟ್ಟಿ ಏನೆಂದು ಕೇಳಲು ನಿನಗೆ ಪುರುಸೊತ್ತಿರಲಿಲ್ಲ, ಈಗ ಓದು. ಕಾಲುವೆಯ ಕಟ್ಟಕಡೆಯ ಎಂಬತ್ತಮೂರು ಹೊಲಗಳು, ಅವುಗಳ ಒಡೆಯರು, ಯಾವ ಹೊಲಕ್ಕೆ ಎಷ್ಟು ದಿನ ನೀರು ಮುಟ್ಟಿತು, ಎಷ್ಟು ದಿನ ಮುಟ್ಟಲಿಲ್ಲ. ಎರಡು ವರ್ಷ ನಾನೇ ಬದುವಿನ ಮೇಲೆ ನಡೆದು ಬರೆದದ್ದು. ಮಂಗಳವಾರದ ಸಭೆಯಲ್ಲಿ ನೀರಿನ ಪಾಳಿ ಗೊತ್ತಾಗುತ್ತದೆ. ಪಟ್ಟಿ ಮೇಜಿನ ಮೇಲಿದ್ದರೆ ಕೊನೆಯ ಹೊಲಕ್ಕೂ ಪಾಳಿ. ಇಲ್ಲದಿದ್ದರೆ ಹಳೆಯ ಪಾಳಿಯೇ ನಡೆಯುತ್ತದೆ, ಅದರಲ್ಲಿ ನಮ್ಮವರ ಹೆಸರೇ ಇಲ್ಲ. ಪ್ರಿಂಟು ತೆಗೆಯುವುದನ್ನು ಸೋಮವಾರಕ್ಕೆ ಇಟ್ಟುಕೊಂಡಿದ್ದೆ. ಹೌದು, ಅದೂ ನನ್ನದೇ ಬುದ್ಧಿ.

ಇಂದು ಮುಂಜಾನೆ ಸಂಘದ ಅಧ್ಯಕ್ಷ ನೀಲಕಂಠ ನಗುತ್ತಾ ಬಂದರು. ಅವರ ಹೊಲ ಕಾಲುವೆಯ ಬಾಯಲ್ಲೇ ಇದೆ, ಹಳೆಯ ಪಾಳಿಯಲ್ಲಿ ಮೊದಲ ನೀರು ಅವರದು. ಜೊತೆಗೆ ಯಾದಗಿರಿಯಿಂದ ಒಬ್ಬ ರಿಪೇರಿಯವನು. ಹಳೆಯದನ್ನು ಅಳಿಸಿ ಹೊಸದು ಹಾಕಿಸುತ್ತೇನೆ, ಪುಕ್ಕಟೆ, ಎಂದರು. ವಹಾಬ, ಅವರು ನಿನ್ನ ಮಾತನ್ನೇ ಆಡಿದರು. ನಿನ್ನ ಬೇಸರ, ಅವರ ಲಾಭ, ಎರಡೂ ಒಂದೇ ಮಾತಿನಲ್ಲಿ ಕುಳಿತದ್ದು ಕಂಡು ನನಗೆ ಕಸಿವಿಸಿಯಾಯಿತು.

ನಾನು ಕಂಪ್ಯೂಟರಿನ ಡಬ್ಬಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ನೆಲಕ್ಕೆ ಕುಳಿತೆ. ಸುದ್ದಿ ಕೇಳಿದ ತಿಮ್ಮವ್ವ ಕಳೆ ಕೀಳುವುದನ್ನು ಬಿಟ್ಟು ಬಂದು ಹೊಸ್ತಿಲಿಗೆ ಅಡ್ಡ ಕುಳಿತಳು. ಎಂಬತ್ತಮೂರನೆಯ ಹೊಲ ಆಕೆಯದು.

“ಸಾವ್ಕಾರ್ರೀ, ಅದರ ಹೊಟ್ಟ್ಯಾಗ ನನ್ನ ಎರಡು ಎಕರೆ ಅದ. ಮೊದಲ ಅದನ್ನ ಹೊರಗ ತೆಗೀರಿ, ಆಮ್ಯಾಲ ಡಬ್ಬಿ ತೊಳೀರಿ.” ಹಾಗೆಂದವಳು ನನ್ನ ಕಡೆ ತಿರುಗಿ, “ಬ್ಯಾಟರಿ ಒಯ್ದು ರಾಜ ಆದಾವ ನೀನು. ಈಗ ಎದ್ದಿ ಅಂದ್ರ ನೋಡು,” ಎಂದಳು.

ನಾನು ಏಳಲಿಲ್ಲ. ಮಧ್ಯಾಹ್ನದವರೆಗೆ ಕಾದು ಅವರೇ ಎದ್ದು ಹೋದರು.

ಸುರಪುರದ ಆಟ ನಿನಗೆ ನೆನಪಿರಬೇಕು. ಕಿಕ್ಕಿರಿದ ಜನರ ಮುಂದೆ ನನಗೆ ಮೊದಲ ಮಾತೇ ಮರೆತು ಬಾಯಿಗೆ ಒಂದಕ್ಷರ ಬರಲಿಲ್ಲ. ಪರದೆ ಎಳೆದು ಬೇರೆಯವನನ್ನು ಕಳಿಸಲು ನಾಟಕದ ಮಾಸ್ತರರು ಸನ್ನೆ ಮಾಡಿದರು. ನೀನು ಹಗ್ಗ ಹಿಡಿದವನ ಕೈ ತಡೆದು, ಮರೆಯಿಂದ ಒಂದೇ ಒಂದು ಶಬ್ದ ಕೊಟ್ಟೆ. ಮಿಕ್ಕ ನಾಲ್ಕು ಪುಟ ನನ್ನೊಳಗೆ ಇದ್ದೇ ಇತ್ತು, ಕಾಲುವೆಯ ಗೇಟು ಎತ್ತಿದಂತೆ ಹರಿದು ಬಂತು. ಆಮೇಲೆ ನೀನು ಮಾಸ್ತರರಿಗೆ ಹೇಳಿದ್ದೆ: “ಮರ್ತಾವಗ ಶುರು ಕೊಡಬೇಕ್ರಿ, ಆಳು ಬದಲಿ ಮಾಡಬಾರದು.”

ಈ ಯಂತ್ರ ಮರೆತದ್ದೂ ಅಷ್ಟೇ ಅಲ್ಲವೇ? ಅಪ್‌ಡೇಟ್ ನಡುವೆ ನಿಂತು ಏಳುವ ದಾರಿ ತಪ್ಪಿದೆ. ಪಟ್ಟಿ ಕೂತಿರುವ ಡಿಸ್ಕಿಗೆ ಕಿವಿಯಿಟ್ಟು ಕೇಳಿದ್ದೇನೆ. ಕಟಕಟ ಸದ್ದಿಲ್ಲ, ನುಣ್ಣಗೆ ತಿರುಗುತ್ತಿದೆ. ಡಿಸ್ಕು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಹಚ್ಚಿದರೆ ಒಳಗಿರುವುದನ್ನು ಎತ್ತಿಕೊಳ್ಳಬಹುದೆಂದು ತೋರಿಸಿಕೊಟ್ಟವನು ನೀನೇ, ಯಾರದೋ ಮದುವೆಯ ಫೋಟೋಗಳನ್ನು ಬದುಕಿಸಿದ ದಿನ. ಫೋಟೋಗಳಿಗೆ ಇದ್ದ ಪುರುಸೊತ್ತು ಎಂಬತ್ತಮೂರು ಹೊಲಗಳಿಗೆ ಇಲ್ಲವೆಂದರೆ ನಾನು ಒಪ್ಪುವುದಿಲ್ಲ. ನೀಲಕಂಠ ಹೇಳಲಿ, ಯಾದಗಿರಿ ಹೇಳಲಿ, ನೀನೇ ಹೇಳು, ಒಪ್ಪುವುದಿಲ್ಲ.

ನನ್ನ ದನಿ ಮೂರು ಊರಿಗೆ ಕೇಳುತ್ತದೆ ಎನ್ನುತ್ತಿದ್ದೆ ನೀನು. ನಿಜ. ಆದರೆ ಎರಡು ದಿನದಿಂದ ತಿಮ್ಮವ್ವನ ಮುಖ ನೋಡಿ ಮಾತಾಡಲು ಆಗಿಲ್ಲ. ಇದನ್ನು ನಿನಗಲ್ಲದೆ ಮತ್ತಾರಿಗೂ ಹೇಳಿಲ್ಲ.

ಡಬ್ಬಿಯನ್ನು ನನ್ನ ತೊಡೆಯ ಮೇಲಿದ್ದಂತೆಯೇ ಆಕೆ ತನ್ನ ಕೌದಿಯಲ್ಲಿ ಸುತ್ತಿದ್ದಾಳೆ. ತಾನೂ ನನ್ನ ಜೊತೆ ಶಹಾಪುರಕ್ಕೆ ಬರುತ್ತಾಳಂತೆ, ನಿನ್ನ ಮೇಲೆ ನನಗಿರುವಷ್ಟು ನಂಬಿಕೆ ಆಕೆಗಿಲ್ಲ. ಪಟ್ಟಿ ಸಿಕ್ಕರೆ ಅಲ್ಲೇ ಮೂರು ಪ್ರತಿ ತೆಗೆಸುತ್ತೇನೆ. ಸಿಗದಿದ್ದರೆ, ಹೋಯಿತೆಂಬ ಮಾತನ್ನು ಫೋನಿನಲ್ಲಿ ನನಗಲ್ಲ, ಎದುರಿಗೆ ಕೂಡಿಸಿಕೊಂಡು ಆಕೆಗೆ ಹೇಳು.

ನಿನ್ನ ಕೈಗೆ ಬರ್ಕತ್ ಇರಲಿ, ಮನೆಮಂದಿಯೆಲ್ಲ ತಣ್ಣಗಿರಲಿ. ಅಂಗಡಿಯ ಷಟರು ಬೇಗ ಎತ್ತು. ನಾಳೆ ಮುಂಜಾನೆ ಆರರ ಬಸ್ಸಿಗೆ ಹತ್ತುತ್ತೇವೆ.

ಇಂತಿ, ತೊಡೆಯ ಮೇಲಿನ ಡಬ್ಬಿಯನ್ನು ಇನ್ನೂ ಕೆಳಗಿಡದ ನಿನ್ನ
ಅಂಬ್ರಪ್ಪ