ಬಿಡುಗಡೆಯಾದ ಅಡುಗೆಮನೆ

ಅಪ್ಪಾ,

ಸ್ವೀಡನ್ನಿನ ಈ ಹಳೇ ಗಣಿಯೊಳಗೆ ನಾವು ವೇಷ ಹಾಕ್ಕೊಂಡು ಆಡ್ತಿರೋ ಅಂತರಿಕ್ಷ ಸಾಮ್ರಾಜ್ಯದ ಆಟದಲ್ಲಿ ನಾನು ಚಕ್ರವರ್ತಿಯ ಅಡುಗೆಯವಳು. ಸಾಮ್ರಾಜ್ಯ ಸುಳ್ಳು, ಅರವತ್ತು ಜನರ ಆಲೂಗಡ್ಡೆ ಮಾತ್ರ ನಿಜ. ನಿನ್ನೆ ಬಂಡಾಯಗಾರರು ಗೆದ್ದು ಅಡುಗೆಮನೆಯ ನಮ್ಮನ್ನೆಲ್ಲ ಬಿಡುಗಡೆ ಮಾಡಿದರು. ಆಮೇಲೆ ಆಲೂಗಡ್ಡೆ ಯಾರು ಸುಲಿಯಬೇಕು ಅಂತ ಮೂರು ಗಂಟೆ ಸಭೆ ಸೇರಿದರು. ಅಷ್ಟರಲ್ಲಿ ಸುಲಿದು ಮುಗಿಸಿದ್ದು ನಾವೇ.

ಚಕ್ರವರ್ತಿ ದಿನಕ್ಕೆರಡು ಸಲ ಕಾಫಿಗೆ ಬಿಡ್ತಿದ್ದ. ಈ ಬಂಡಾಯಗಾರರ ನಾಯಕ ಟೋರ್ಕಿಲ್‌ನ ಬಿಡುವು ಕೇಳಿದರೆ, "ಅಡುಗೆಮನೆ ಈಗ ನಿಮ್ದೇ ಅಲ್ವೇನಮ್ಮ, ನಿಮ್ಮನೆ ಕೆಲಸಕ್ಕೆ ಬಿಡುವು ಯಾಕೆ?" ಅಂತಾನೆ.

ಮೈ ಹುಷಾರಾಗಿದೆ, ಬೆರಳು ಬಾತುಕೊಂಡಿವೆ. ಆಟ ಇನ್ನೂ ಹತ್ತು ದಿನ ಇದೆ. ಬಂದರಿನ ಮುಷ್ಕರದಲ್ಲಿ ನೀನು ಹಿಡಿದಿದ್ದ ಫಲಕ ಅಟ್ಟದಲ್ಲಿದೆಯಲ್ಲ, ಈ ಕಾರ್ಡು ಸಿಕ್ಕ ಕೂಡಲೇ ಅದನ್ನ ಕಳಿಸು. ಅದರಲ್ಲಿ "ಮಾಲೀಕ" ಅಂತಿರೋದನ್ನ ಅಳಿಸಬೇಡ, ಟೋರ್ಕಿಲ್‌ಗೂ ಅದೇ ಸಾಕು.

ನಿನ್ನ ಬೊಲೆಟ್ಟೆ